ಮಣೆಯ ಮುಂದೆ ಮಗಳೂ ಕೂರಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆ ಹಿಡಿಯಿತೆಂದರೆ ಮಕ್ಕಳಿಗೆ ಜಗಲಿಯೇ ಗತಿ. ಹಿಂದೆ ಚೆನ್ನೆಮಣೆ ಇತ್ತು, ಈಗ ಚೆಸ್ ಬೋರ್ಡೂ ಬಂದಿದೆ. ಅಣ್ಣ ತಂಗಿ ಆಡಲು ಕೂರುತ್ತಾರೆ. ಆಟ ರಂಗೇರುವಷ್ಟರಲ್ಲಿ ಒಳಗಿನಿಂದ, "ಬಾರೇ, ಬಾಳೆ ಹಾಕು" ಅಂತ ಕೂಗು. ಏಳುವವಳು ತಂಗಿಯೇ, ಅಲ್ವೇ?

ಅವಳನ್ನು ಏಳಿಸದೆ ಬಿಟ್ಟರೆ ಏನಾದೀತು ಎಂಬುದಕ್ಕೆ ದೂರದ ಹಂಗೇರಿ ದೇಶದ ಒಂದು ಸಂಸಾರವನ್ನು ನೋಡಿ. ಬುಡಾಪೆಸ್ಟ್ ನಗರದ ಪೋಲ್ಗಾರ್ ದಂಪತಿಗಳಿಗೆ ಮೂವರೂ ಹೆಣ್ಣುಮಕ್ಕಳು: ಸುಸಾನ್, ಸೋಫಿಯಾ, ಜೂಡಿತ್. ಜಾಣತನ ಹುಟ್ಟಿನಿಂದಲ್ಲ, ಅಭ್ಯಾಸದಿಂದ ಬರುತ್ತದೆಂಬುದು ತಂದೆ ಲಾಸ್ಲೋ ಅವರ ವಾದ. ತಾಯಿ ಕ್ಲಾರಾ ಜೊತೆ ಸೇರಿ ಮಕ್ಕಳಿಗೆ ಮನೆಯಲ್ಲೇ ಪಾಠ, ಚದುರಂಗ ಎರಡನ್ನೂ ಕಲಿಸಿದರು.

ಕಿರಿಯವಳು ಜೂಡಿತ್ 1991ರಲ್ಲಿ, 15 ವರ್ಷ 4 ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಆದಳು. ಅಷ್ಟು ಚಿಕ್ಕ ವಯಸ್ಸಿಗೆ ಅದುವರೆಗೆ ಯಾವ ಹುಡುಗನೂ ಆಗಿರಲಿಲ್ಲ! ಮುಂದೆ ಗಂಡಸರ ನಡುವೆಯೇ ಆಡಿ, 2002ರಲ್ಲಿ ಆಗಿನ ಒಂದನೇ ಆಟಗಾರ ಕಾಸ್ಪರೋವ್‌ರನ್ನು ವೇಗದ ಆಟವೊಂದರಲ್ಲಿ ಸೋಲಿಸಿದರು. 2004ರಲ್ಲಿ ಮಗ ಹುಟ್ಟಿದ. ಇನ್ನೇನು ಆಟ ಮುಗಿಯಿತು ಅಂತೀರಾ? ಅವರ ಅತಿ ಹೆಚ್ಚಿನ ರೇಟಿಂಗ್ 2735 ಬಂದದ್ದು 2005ರಲ್ಲಿ, ಬಾಣಂತನ ಮುಗಿಸಿ ಮರಳಿದ ಮೇಲೆ! 2014ರಲ್ಲಿ ನಿವೃತ್ತರಾದರು.

ಗ್ರ್ಯಾಂಡ್‌ಮಾಸ್ಟರ್ ಆಗಬೇಕಾದರೆ 2500 ರೇಟಿಂಗ್ ಮುಟ್ಟಬೇಕು. ಜೊತೆಗೆ ಬಲವಾದ ಪಂದ್ಯಾವಳಿಗಳಲ್ಲಿ ಮೂರು 'ನಾರ್ಮ್' ಗಳಿಸಬೇಕು. ಭಾರತದಲ್ಲಿ ಮೊದಲು, 1988ರಲ್ಲಿ, ಇದನ್ನು ಸಾಧಿಸಿದ ವಿಶ್ವನಾಥನ್ ಆನಂದ್‌ಗೆ ಆಟ ಕಲಿಸಿದವರು ತಾಯಿ ಸುಶೀಲಾ. ಜೂಡಿತ್ ಆ ಬಿರುದು ಪಡೆದ ವಯಸ್ಸಿಗಿಂತ ಮೊದಲೇ, 2002ರಲ್ಲಿ, ನೆರೆಯ ಆಂಧ್ರದ ಕೊನೇರು ಹಂಪಿ ಅದನ್ನು ಪಡೆದರು. ನಮ್ಮ ರಾಜ್ಯಕ್ಕೆ ಈ ಬಿರುದನ್ನು ಮೊದಲು ತಂದವರು ಮೈಸೂರಿನ ತೇಜಕುಮಾರ್. ರೈಲ್ವೆ ನೌಕರಿ ಮಾಡಿಕೊಂಡೇ 2017ರಲ್ಲಿ ಗಳಿಸಿದರು. ಮರುವರ್ಷವೇ ನಮ್ಮ ಶಿವಮೊಗ್ಗದ ಜಿ.ಎ. ಸ್ಟೇನಿ! ಅಂದರೆ ದಾರಿ ನಮ್ಮ ಜಿಲ್ಲೆಯಿಂದಲೂ ಇದೆ.

ಎಲ್ಲರ ಮಗಳೂ ಜೂಡಿತ್ ಆಗಬೇಕೆಂದಲ್ಲ. ದಿನಕ್ಕೊಂದು ಗಂಟೆ ಅವಳ ಆಟದ ಹೊತ್ತು ಎಂದು ಗೊತ್ತುಮಾಡಿ. ನಡೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಸೋತ ಆಟವನ್ನು ಮತ್ತೆ ಆಡಿ ನೋಡಲಿ, ತಪ್ಪು ತಾನೇ ತಿಳಿಯುತ್ತದೆ. ನಿಮಗೆ ಆಟ ಬಾರದಿದ್ದರೆ ಅವಳಿಂದಲೇ ಕಲಿಯಿರಿ. ಆ ಒಂದು ಗಂಟೆ ಬಾಳೆ ಹಾಕಲು ಅಣ್ಣನನ್ನು ಕರೆಯಿರಿ.