ಯಂತ್ರ ಯಾರದು, ಶಾಲೆ ಯಾರದು?

ಇನ್ನು ಮುಂದೆ ಮಕ್ಕಳಿಗೆ ಯಂತ್ರವೇ ಪಾಠ ಹೇಳುತ್ತದಂತೆ. ಅಂಗೈಯಗಲದ ಮೊಬೈಲಿನಲ್ಲಿ ಕೃತಕ ಬುದ್ಧಿಯ ಗುರು ಕೂತಿರುತ್ತಾನಂತೆ. ಅವನಿಗೆ ಆಯಾಸವಿಲ್ಲ, ರಜೆ ಬೇಡ, ಸಂಬಳ ಬೇಡ. ಉಪಾಧ್ಯಾಯರು ಪಕ್ಕದಲ್ಲಿ ನಿಂತು ನೋಡಿಕೊಂಡರೆ ಸಾಕಂತೆ. ಹೀಗೆಂದು ಬಂಡವಾಳಗಾರರೂ ಅವರ ಮಾತಿಗೆ ತಲೆದೂಗುವ ಅಧಿಕಾರಿಗಳೂ ಸಭೆ ಸಭೆಗಳಲ್ಲಿ ಸಾರುತ್ತಿದ್ದಾರೆ. ರಜೆ ಕೇಳದ, ಸಂಬಳ ಕೇಳದ ಆಳು ಎಂದೊಡನೆ ಗಿರಣಿಯಲ್ಲಿ ದುಡಿದವರಿಗೆ ಈ ಮಾತಿನ ಒಳಗುಟ್ಟು ತಿಳಿಯದೆ ಇರದು.

ನಾವು ಯಂತ್ರದ್ವೇಷಿಗಳಲ್ಲ. ಕಣ್ಣು ಕಾಣದ ಹುಡುಗನಿಗೆ ಪುಸ್ತಕ ಓದಿ ಹೇಳುವ ಯಂತ್ರ ಬಂದಿದೆ. ಮನುಷ್ಯನ ಹೃದಯ ಬಡಿಯುವ ಬಗೆಯನ್ನು ಹಳ್ಳಿಯ ಶಾಲೆಯ ಗೋಡೆಯ ಮೇಲೆ ಚಿತ್ರದಲ್ಲಿ ತೋರಿಸಬಹುದಾಗಿದೆ. ಇವು ಬರಲಿ, ಬೇಗ ಬರಲಿ. ನಮ್ಮ ಪ್ರಶ್ನೆ ಒಂದೇ: ಯಂತ್ರ ಮಾಸ್ತರರ ಕೈಗೆ ಬರುತ್ತದೆಯೋ, ಮಾಸ್ತರರ ಜಾಗಕ್ಕೆ ಬರುತ್ತದೆಯೋ?

ಈ ಆಸೆ ಹೊಸದೇನೂ ಅಲ್ಲ. ಸಿನಿಮಾ ಬಂದ ಮೇಲೆ ಶಾಲೆಗಳಲ್ಲಿ ಪುಸ್ತಕಕ್ಕೆ ಕೆಲಸವಿಲ್ಲವೆಂದು ಅಮೆರಿಕದ ಥಾಮಸ್ ಎಡಿಸನ್ 1913ರಲ್ಲೇ ಹೇಳಿದ್ದ. ಸಿನಿಮಾ ಯಂತ್ರಗಳನ್ನು ಮಾರುತ್ತಿದ್ದವನೂ ಅವನೇ! ನಮ್ಮಲ್ಲಿ 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳು ಬಂದವು. ಶಾಲಾ ಮಕ್ಕಳಿಗಾಗಿಯೇ ಬೇರೆ ಪಾಠಗಳಿದ್ದವು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. 1976ರ ಜುಲೈಗೆ ಗಡುವು ತೀರಿತು. ಎರವಿನ ಎತ್ತು ಒಡೆಯನ ಮನೆಗೆ ಹೋಯಿತು. 2004ರ ಸೆಪ್ಟೆಂಬರಿನಲ್ಲಿ ನಮ್ಮದೇ ಎಜುಸ್ಯಾಟ್ ಹಾರಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಪಾಠ ಕಳಿಸಿತು. 2010ರಲ್ಲಿ ಅದರ ಆಯುಷ್ಯವೂ ಮುಗಿಯಿತು. ಇವೆರಡೂ ಪ್ರಾಮಾಣಿಕ ಪ್ರಯತ್ನಗಳು. ದುಡಿದವರಿಗೆ ನಮ್ಮ ಗೌರವವಿದೆ. ಆದರೆ ಉಪಗ್ರಹ ಹೋದ ಮರುದಿನವೂ ಶಾಲೆಯ ಬೀಗ ತೆಗೆದವರು ಮಾಸ್ತರರೇ.

ಆಮೇಲೆ ಬಂದ ವ್ಯಾಪಾರಿಗಳ ಕಥೆ ಬೇರೆ. ಬೆಂಗಳೂರಿನ ಬೈಜೂಸ್ ಕಂಪನಿಗೆ 2022ರಲ್ಲಿ 2,200 ಕೋಟಿ ಡಾಲರು ಬೆಲೆ ಕಟ್ಟಿದರು. ತಂದೆತಾಯಿಗಳ ಮೇಲೆ ಒತ್ತಡ ತಂದು ಪಾಠ ಮಾರುತ್ತಾರೆಂಬ ಆಪಾದನೆಯ ಮೇಲೆ ಅದೇ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕಂಪನಿಯ ಮುಖ್ಯಸ್ಥರಿಗೆ ಸಮನ್ಸ್ ಕಳಿಸಿತು. 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಯಿತು. ನಮ್ಮ ಪೇಟೆಯ ಸಣ್ಣ ಅಂಗಡಿಯವನು ಕೊಟ್ಟ ಅಕ್ಕಿಯಲ್ಲಿ ಕಲ್ಲಿದ್ದರೆ ಗಿರಾಕಿ ಮರುದಿನ ಬಂದು ಮುಖಕ್ಕೆ ಮುಖ ಕೊಟ್ಟು ಕೇಳುತ್ತಾನೆ. ಮಗುವಿಗೆ ಮಗ್ಗಿ ಬಾರದಿದ್ದರೆ ಮಾಸ್ತರರನ್ನು ಸಂತೆಯಲ್ಲಿ ನಿಲ್ಲಿಸಿ ಕೇಳಬಹುದು. ದಿವಾಳಿಯೆದ್ದ ಕಂಪನಿಯನ್ನು ಯಾವ ಸಂತೆಯಲ್ಲಿ ನಿಲ್ಲಿಸುವುದು?

2020ರ ಮಾರ್ಚಿನಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಪರೀಕ್ಷೆಯೇ ನಡೆದುಹೋಯಿತು. ಬಡವರ ಮನೆಯಲ್ಲಿ ಇದ್ದರೆ ಒಂದು ಫೋನು. ಅದೂ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಆ ಆಗಸ್ಟಿನಲ್ಲಿ 'ವಿದ್ಯಾಗಮ'ದ ಹೆಸರಿನಲ್ಲಿ ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಅಕ್ಷರ ತಿದ್ದಿಸಿದವರು ಸರಕಾರಿ ಶಾಲೆಯ ಉಪಾಧ್ಯಾಯರು. ಸೋಂಕಿನ ಸುದ್ದಿಗಳು ಹೆಚ್ಚಿ ಅಕ್ಟೋಬರಿನಲ್ಲಿ ಅದು ನಿಂತಿತು. ಯಂತ್ರ ತಲುಪದ ಕೇರಿಗೆ ಜೀವದ ಹಂಗು ತೊರೆದು ಹೋದವರು ಅವರು.

ಅಂಥವರನ್ನು ಇಂದು ಯಂತ್ರ ಏನು ಮಾಡಿದೆ? ಗುಮಾಸ್ತರನ್ನಾಗಿ ಮಾಡಿದೆ. ಹಾಜರಿ, ಬಿಸಿಯೂಟದ ಲೆಕ್ಕ, ಮಕ್ಕಳ ವಿವರ, ಎಲ್ಲವನ್ನೂ ಫೋನಿನಲ್ಲಿ ತುಂಬಬೇಕು. ಜಾಲ ಸಿಕ್ಕದಿದ್ದರೆ ಸಿಕ್ಕುವವರೆಗೆ ಕಾಯಬೇಕು. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಅವರನ್ನೇ ಮೊಬೈಲು ಹಿಡಿಸಿ ಮನೆಮನೆಗೆ ಕಳಿಸಿದರು. ಸರಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡವೆನ್ನುವವರು ನಾವಲ್ಲ. ಅದರ ಬೆಲೆಯನ್ನು ಬಡವರ ಮಕ್ಕಳೇ ಏಕೆ ತೆರಬೇಕು?

1955ರಲ್ಲಿ ಕಾನ್ಪುರದ ಗಿರಣಿ ಕೆಲಸಗಾರರು ಸುಮಾರು 80 ದಿನ ಮುಷ್ಕರ ಹೂಡಿದ್ದನ್ನು ಹಳಬರು ಕೇಳಿರಬಹುದು. 'ರ್‍ಯಾಷನಲೈಜೇಷನ್' ಎಂಬ ಚೆಂದದ ಹೆಸರಿನಲ್ಲಿ ಮಾಲೀಕರು ಕೈ ಕಡಿಮೆ ಮಾಡಿ ಕೆಲಸ ಹೆಚ್ಚಿಸಲು ಹೊರಟಿದ್ದರು. ಅದೇ ಲೆಕ್ಕ ಈಗ ಶಾಲೆಯ ಹೊಸ್ತಿಲಿಗೆ ಬಂದಿದೆ. ಅರವತ್ತರವರೆಗೆ ಮಕ್ಕಳಿರುವ ಪ್ರಾಥಮಿಕ ಶಾಲೆಗೂ ಇಬ್ಬರು ಉಪಾಧ್ಯಾಯರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಆದರೂ 2024-25ರ ಸರಕಾರಿ ಅಂಕಿಗಳಲ್ಲೇ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಏಕೋಪಾಧ್ಯಾಯ ಶಾಲೆಗಳಿವೆ. ನಮ್ಮ ರಾಜ್ಯದಲ್ಲಿ ಖಾಲಿ ಹುದ್ದೆ ತುಂಬುವ ಬದಲು ಅತಿಥಿ ಶಿಕ್ಷಕರಿಂದ ಕಾಲ ತಳ್ಳಲಾಗುತ್ತಿದೆ. ವರ್ಷವಿಡೀ ದುಡಿಸಿಕೊಳ್ಳುವವರನ್ನು 'ಅತಿಥಿ' ಎನ್ನಲು ನಾಚಿಕೆಯಾಗಬೇಡವೇ? ನಾಳೆ ಆ ಖಾಲಿ ಕುರ್ಚಿಯ ಮೇಲೆ ಯಂತ್ರವೊಂದನ್ನಿಟ್ಟು ಪ್ರಗತಿ ಎನ್ನುತ್ತಾರೆ.

ಶ್ರೀಮಂತರ ಮಕ್ಕಳಿಗೆ ಮಾತ್ರ ಮಾಸ್ತರರೂ ಇರುತ್ತಾರೆ, ಯಂತ್ರವೂ ಇರುತ್ತದೆ. ಹಣವಂತ ದೇಶವಾದ ಸ್ವೀಡನ್ 2023ರಲ್ಲಿ ತರಗತಿಯ ಪರದೆಗಳನ್ನು ಕಡಿಮೆ ಮಾಡಿ ಅಚ್ಚಿನ ಪುಸ್ತಕಗಳಿಗೆ ಹಣ ತೆಗೆದಿಟ್ಟಿತು. ಅವರು ಬೇಡವೆಂದು ಕೆಳಗಿಟ್ಟಿದ್ದನ್ನು ನಮ್ಮ ತಲೆಗೆ ಕಟ್ಟುವುದು ಬೇಡ.

ಹುಡುಗ ತಪ್ಪು ಬರೆದರೆ ಯಂತ್ರ ತಪ್ಪೆಂದು ಹೇಳೀತು. ಅವನು ಬೆಳಿಗ್ಗೆ ಏನನ್ನೂ ತಿನ್ನದೆ ಬಂದಿದ್ದಾನೆಂದು ಮುಖ ನೋಡಿ ತಿಳಿಯುವುದು, ಮೂರು ದಿನ ಬಾರದ ಹುಡುಗಿಯನ್ನು ಮನೆಗೆ ಹೋಗಿ ಕರೆತರುವುದು, ಹೋಟೆಲಿನಲ್ಲಿ ಲೋಟ ತೊಳೆಯಲು ಬಿಟ್ಟವನನ್ನು ಬಿಡಿಸಿ ತರುವುದು ಯಾವ ಯಂತ್ರದ ಕೆಲಸ? ಎಲ್ಲ ಮಾಸ್ತರರೂ ಹೀಗಿದ್ದಾರೆಂದು ನಾವು ಹೇಳುವುದಿಲ್ಲ. ಬಡ್ಡಿ ವ್ಯವಹಾರ ಮಾಡುತ್ತ ಶಾಲೆಗೆ ಚಕ್ಕರ್ ಹೊಡೆಯುವವರೂ ಇದ್ದಾರೆ. ಅಂಥವರನ್ನು ಸರಿದಾರಿಗೆ ತರುವುದು ಊರಿನ ಕೆಲಸ. ಆ ನೆಪದಿಂದ ಹುದ್ದೆಯನ್ನೇ ಕೀಳಲು ಬಿಡಬಾರದು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಮೊದಲು ಖಾಲಿ ಹುದ್ದೆಗಳನ್ನು ಕಾಯಂ ಆಗಿ ತುಂಬಲಿ. ಅಂಕಿ ತುಂಬುವ ಕೆಲಸಕ್ಕೆ ಬೇರೆ ಗುಮಾಸ್ತರು ಬರಲಿ. ಯಾವ ಯಂತ್ರ ಬೇಕು, ಯಾವ ಪಾಠಕ್ಕೆ ಬೇಕು ಎಂಬುದನ್ನು ಪಾಠ ಹೇಳುವವರು ತೀರ್ಮಾನಿಸಲಿ. ನಮ್ಮ ಮಕ್ಕಳ ವಿವರ ಯಾವ ಕಂಪನಿಯ ಕೈಗೂ ಹೋಗದಿರಲಿ.

ಗಿರಣಿಯ ಬಂಧುಗಳೇ, ಅಂಗಡಿಯ ಗೆಳೆಯರೇ! ಪ್ರತಿ ಸರಕಾರಿ ಶಾಲೆಗೂ ಪಾಲಕರ ಮೇಲುಸ್ತುವಾರಿ ಸಮಿತಿ ಇದೆ. ಮುಂದಿನ ಸಭೆಗೆ ಪಾಳಿ ಬದಲಿಸಿಕೊಂಡಾದರೂ, ಅಂಗಡಿಯ ಬಾಗಿಲು ಅರ್ಧ ದಿನ ಹಾಕಿಯಾದರೂ ಹೋಗಿರಿ. ಎಷ್ಟು ಯಂತ್ರ ಬಂದವೆಂದು ಆಮೇಲೆ ಕೇಳೋಣ; ನಮ್ಮ ಶಾಲೆಯಲ್ಲಿ ಎಷ್ಟು ಮಂದಿ ಮಾಸ್ತರರಿದ್ದಾರೆಂದು ಮೊದಲು ಕೇಳೋಣ.