ಛತ್ರದಲ್ಲಿ ಭೇಟಿಯಾದ ವೀರರು ಏಕೆ ಚದುರುತ್ತಾರೆ?

ಪಂಗಾನಿಯ ಸದಸ್ಯರೊಬ್ಬರ ಮನೆಯಲ್ಲಿ ಶನಿವಾರ ಮಧ್ಯಾಹ್ನ ನಮ್ಮ ಮಕ್ಕಳು ಮೇಜಿನ ಸುತ್ತ ಕುಳಿತು ಆಡುವ ಕಥೆಯಾಟದ ವಿಷಯ ಓದುಗರಲ್ಲಿ ಹಲವರಿಗೆ ತಿಳಿದೇ ಇದೆ. ತಿಳಿಯದವರಿಗಾಗಿ ಎರಡು ಮಾತು. ಇದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಜಾತಿಯ ಆಟ. ಅದನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕನ್ನರು ರಚಿಸಿ 1974ರಲ್ಲಿ ಹೊರತಂದರು. ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ತಾನೇ ಕಲ್ಪಿಸಿಕೊಂಡು ಅದರ ಬಾಯಾಗಿ ಮಾತನಾಡುತ್ತಾನೆ. ಒಬ್ಬರು ಸೂತ್ರಧಾರರಾಗಿ ಮಿಕ್ಕ ಲೋಕವನ್ನೆಲ್ಲ ನಡೆಸುತ್ತಾರೆ. ಫಲ ಏನೆಂಬ ಸಂದೇಹ ಬಂದಲ್ಲಿ ಇಪ್ಪತ್ತು ಮುಖದ ದಾಳ ತೀರ್ಪು ಕೊಡುತ್ತದೆ. ನಮ್ಮ ಮೇಜಿಗೆ ಮಾತ್ರ ಒಂದು ನಿಯಮ ಹೆಚ್ಚು: ಪಾತ್ರಗಳು ಕನ್ನಡದಲ್ಲಿಯೇ ಮಾತನಾಡಬೇಕು.

ಕಳೆದ ವರ್ಷ ಆರಂಭಿಸಿದ ಕಥೆ ಮೂರನೆಯ ಶನಿವಾರಕ್ಕೇ ಮುರಿದುಬಿತ್ತು. ಐವರು ಮಕ್ಕಳು ಐದು ಪಾತ್ರಗಳನ್ನು ತಂತಮ್ಮ ಮನೆಗಳಲ್ಲಿಯೇ ಬರೆದು ತಂದಿದ್ದರು. ಪಾಶ್ಚಾತ್ಯರ ಆಟಗಳಲ್ಲಿ ರೂಢಿಯಾಗಿರುವ ಪಾನಗೃಹವನ್ನು ನಾವು ಛತ್ರವಾಗಿ ಮಾರ್ಪಡಿಸಿ, ಐವರನ್ನೂ ಒಂದು ಮಳೆಗಾಲದ ರಾತ್ರಿ ಅಲ್ಲಿಗೆ ತಂದು ಕೂರಿಸಿ, ಮೂಲೆಯಲ್ಲಿದ್ದ ಮುದುಕನೊಬ್ಬನ ಕೈಯಿಂದ ನಿಧಿಯ ನಕ್ಷೆ ಕೊಡಿಸಿದೆವು. ಮೊದಲ ದಿನ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಮೂರನೆಯ ದಿನ ಕಳ್ಳನ ಪಾತ್ರಧಾರಿ ಉಳಿದವರ ಹಣದ ಚೀಲವನ್ನು ಎತ್ತಿಕೊಂಡು ಹೊರಟುಹೋದ. ವೈದ್ಯನ ಪಾತ್ರಧಾರಿ ತನ್ನ ಊರಿಗೆ ಮರಳುವೆನೆಂದ. ಆಗ ಹನ್ನೆರಡು ವರ್ಷದ ಹುಡುಗಿಯೊಬ್ಬಳು, ಯಾವ ಕೊಂಕೂ ಇಲ್ಲದೆ, "ನಾನು ಇವರ ಜೊತೆ ಯಾಕೆ ಹೋಗಬೇಕು ಆಂಟಿ?" ಎಂದು ಕೇಳಿದಳು. ಸೂತ್ರಧಾರರಾಗಿದ್ದ ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರ ಇಬ್ಬರು ಬಂದರು, ಅದರ ಮುಂದಿನ ವಾರ ಯಾರೂ ಬರಲಿಲ್ಲ. ಆ ಐವರಲ್ಲಿ ಮೂವರಿಗೆ ತಂದೆತಾಯಿಗಳ ಹೊರತು ಬೇರೆಯವರೊಡನೆ ಕನ್ನಡ ಮಾತನಾಡಲು ವಾರದಲ್ಲಿ ದೊರೆಯುತ್ತಿದ್ದುದು ಅದೊಂದೇ ಅವಕಾಶ.

ತಪ್ಪು ಮಕ್ಕಳದಲ್ಲ, ಛತ್ರದ್ದೂ ಅಲ್ಲ. ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಅವರ ಡ್ರ್ಯಾಗನ್‌ಲ್ಯಾನ್ಸ್ ಮಾಲೆಯ ಮೊದಲ ಕಾದಂಬರಿ (1984) ತೊಡಗುವುದು ಇಂತಹದೇ ಒಂದು ವಸತಿಗೃಹದಲ್ಲಿ. ಆದರೆ ಅಲ್ಲಿ ಕೂಡುವವರು ಅಪರಿಚಿತರಲ್ಲ. ಐದು ವರ್ಷಗಳ ಹಿಂದೆ ಮಾತು ಕೊಟ್ಟು ಅಗಲಿದ್ದ ಹಳೆಯ ಗೆಳೆಯರು. ಸ್ಥಳ ಅವರನ್ನು ಕೂಡಿಸಲಿಲ್ಲ, ಕೊಟ್ಟ ಮಾತು ಕೂಡಿಸಿತು. ನಾವು ಸ್ಥಳವನ್ನು ಮಾತ್ರ ಎರವಲು ತಂದು ಮಾತನ್ನು ಬಿಟ್ಟುಬಂದಿದ್ದೆವು.

ಇದಕ್ಕೆ ಮದ್ದು ಹುಡುಕಲು ದೂರ ಹೋಗಬೇಕಾಗಿಲ್ಲ, ವಿರಾಟಪರ್ವವನ್ನು ನೆನೆದರೆ ಸಾಕು. ಅಜ್ಞಾತವಾಸಕ್ಕೆ ಮುನ್ನ ಧರ್ಮರಾಯನು ತಮ್ಮಂದಿರನ್ನೂ ದ್ರೌಪದಿಯನ್ನೂ ಕೂರಿಸಿಕೊಂಡು, ವಿರಾಟನ ಊರಿನಲ್ಲಿ ನೀನು ಯಾರಾಗಿರುವೆ, ಏನು ಕೆಲಸ ಮಾಡುವೆ ಎಂದು ಒಬ್ಬೊಬ್ಬರನ್ನೇ ವಿಚಾರಿಸುತ್ತಾನೆ. ಒಬ್ಬನು ಅಡುಗೆಯವನಾಗುವೆನೆನ್ನುತ್ತಾನೆ, ಒಬ್ಬನು ನಾಟ್ಯ ಕಲಿಸುವೆನೆನ್ನುತ್ತಾನೆ, ಇನ್ನಿಬ್ಬರು ಕುದುರೆ ಲಾಯವನ್ನೂ ದನದ ಕೊಟ್ಟಿಗೆಯನ್ನೂ ಆರಿಸಿಕೊಳ್ಳುತ್ತಾರೆ. ಆಯುಧಗಳನ್ನು ಶಮೀವೃಕ್ಷದ ಮೇಲೆ ಒಟ್ಟಾಗಿ ಅಡಗಿಸುತ್ತಾರೆ. ವ್ಯಾಸಭಾರತದಲ್ಲಿ ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ ಎಂದು ತಮ್ಮೊಳಗಿನ ಬಳಕೆಗೆ ಗುಪ್ತನಾಮಗಳನ್ನೂ ಇಟ್ಟುಕೊಳ್ಳುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ, ಪರಸ್ಪರ ಗುರುತೇ ಇಲ್ಲದವರಂತೆ, ಅರಮನೆಯನ್ನು ಹೊಗುತ್ತಾರೆ. ಮೇಲುನೋಟಕ್ಕೆ ಇದೂ ಅಪರಿಚಿತರು ಒಂದೆಡೆ ಬಂದು ಸೇರಿದ ಕಥೆಯೇ. ಆದರೆ ಕೀಚಕನು ಸೈರಂಧ್ರಿಯನ್ನು ಪೀಡಿಸಿದಾಗ ಅಡುಗೆಯ ವಲಲನು ಏಕೆ ಎದ್ದನೆಂದು ಯಾವ ಕೇಳುಗನೂ ಕೇಳುವುದಿಲ್ಲ.

ಇಂದಿನ ಆಟಗಾರರು ಪಾತ್ರಗಳನ್ನು ಒಟ್ಟಿಗೆ ಕುಳಿತು ರೂಪಿಸುವ ಮೊದಲ ಸಭೆಯನ್ನು 'ಸೆಷನ್ ಝೀರೋ' ಎಂದು ಕರೆದು, ಅದೊಂದು ಹೊಸ ವಿಚಾರವೆಂಬಂತೆ ಚರ್ಚಿಸುತ್ತಾರೆ. ಧರ್ಮರಾಯನು ಮಾಡಿದ್ದೂ ಅದನ್ನೇ. ಯಕ್ಷಗಾನದವರೂ ಇದನ್ನು ಚೆನ್ನಾಗಿ ಬಲ್ಲರು. ಒಡ್ಡೋಲಗದಲ್ಲಿ ಪಾಂಡವರು ತೆರೆಯ ಹಿಂದಿನಿಂದ ಒಂದು ಬಳಗವಾಗಿಯೇ ಕಾಣಿಸಿಕೊಳ್ಳುತ್ತಾರೆ; ತಾವು ಯಾರು, ಬಂದ ಕಾರಣವೇನು ಎಂದು ಭಾಗವತರು ಪಾತ್ರವನ್ನು ಮಾತಿಗೆಳೆಯುತ್ತಾರೆ. ಕಾರಣ ಹೇಳದೆ ರಂಗದ ಮೇಲೆ ನಿಲ್ಲುವ ಹಕ್ಕು ವೇಷಕ್ಕಿಲ್ಲ. ನಮ್ಮ ಕಳ್ಳನಿಗೆ ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಿದ್ದರೆ ಹಣದ ಚೀಲ ಉಳಿಯುತ್ತಿತ್ತೋ ಏನೋ.

ನಮ್ಮ ಈ ಅಭಿಪ್ರಾಯಕ್ಕೆ ಸದಸ್ಯರೊಬ್ಬರು ಒಳ್ಳೆಯ ಆಕ್ಷೇಪವನ್ನೇ ಎತ್ತಿದರು. ನಾವೆಲ್ಲರೂ ನೈರೋಬಿಗೆ ಅಪರಿಚಿತರಾಗಿಯೇ ಬಂದವರಲ್ಲವೆ, ಧಾರವಾಡದವರು, ಪುತ್ತೂರಿನವರು, ಕಾಸರಗೋಡಿನವರು ಇಲ್ಲಿ ಒಂದು ಕೂಟವಾಗಲಿಲ್ಲವೆ, ಮಕ್ಕಳ ಪಾತ್ರಗಳೂ ಹಾಗೆಯೇ ಹೊಂದಿಕೊಳ್ಳಲಿ ಎಂಬುದು ಅವರ ವಾದ. ಆದರೆ ನಾವು ಹೇಗೆ ಕೂಡಿದೆವೆಂಬುದನ್ನು ಅವರು ಮರೆತಂತಿದೆ. ಒಂದೇ ನಗರದಲ್ಲಿರುವ ಕಾರಣಕ್ಕೆ ಯಾರೂ ಯಾರ ಮನೆಗೂ ಹೋಗಲಿಲ್ಲ. ಊರಿನಿಂದ ಯಾರದೋ ಅತ್ತೆ ಕೊಟ್ಟು ಕಳುಹಿಸಿದ ಕುಕ್ಕರಿನ ಗ್ಯಾಸ್ಕೆಟ್ಟನ್ನೂ ಉಪ್ಪಿನಕಾಯಿಯ ಡಬ್ಬಿಯನ್ನೂ ತಲುಪಿಸಲು ಹೋದೆವು, ಅವರು ಕೂರಿಸಿ ಊಟ ಹಾಕಿದರು, ಋಣ ಬೆಳೆಯಿತು. ಮಟಾಟುವಿನಲ್ಲಿ ದಿನವೂ ಮೊಣಕೈ ತಾಗಿಸಿಕೊಂಡು ಕೂರುವ ಹದಿನಾಲ್ಕು ಜನರೂ ಒಂದೆಡೆಯಲ್ಲಿಯೇ ಇರುತ್ತಾರೆ, ಸ್ಟೇಜು ಬಂದೊಡನೆ ಇಳಿದು ಹೋಗುತ್ತಾರೆ.

ಎಲ್ಲರನ್ನೂ ಸೆರೆಮನೆಗೆ ಹಾಕಿಯೋ ರಾಜಾಜ್ಞೆಯಿಂದಲೋ ಒಟ್ಟುಗೂಡಿಸುವ ಉಪಾಯವೂ ಇದೆ. ಅದು ಒಂದು ಶನಿವಾರಕ್ಕೆ ಸಾಲುತ್ತದೆ. ಬೀಗ ಒಡೆದ ಮರುಗಳಿಗೆ ಮತ್ತೆ ಅದೇ ಪ್ರಶ್ನೆ.

ಆದ್ದರಿಂದ ಈ ಬಾರಿ ಪಾತ್ರಗಳನ್ನು ಮನೆಯಲ್ಲಿ ಬರೆದು ತರುವುದು ಬೇಡವೆಂದು ನಾವು ಹೇಳುತ್ತಿದ್ದೇವೆ. ಮೊದಲ ಶನಿವಾರ ದಾಳವಿಲ್ಲ. ಮೇಜಿನ ಸುತ್ತ ಕುಳಿತ ಪ್ರತಿಯೊಂದು ಮಗುವೂ ತನ್ನ ಬಲಕ್ಕಿರುವ ಪಾತ್ರಕ್ಕೆ ತಾನು ತೀರಿಸಬೇಕಾದ ಋಣವೇನು, ಎಡಕ್ಕಿರುವ ಪಾತ್ರದ ಕುರಿತು ತನಗೊಬ್ಬನಿಗೇ ಗೊತ್ತಿರುವ ಗುಟ್ಟೇನು ಎಂದು ಹೇಳಬೇಕು. ಫೇಟ್ ಎಂಬ ಆಟದಲ್ಲಿ ಒಬ್ಬರ ಹಳೆಯ ಸಾಹಸದೊಳಗೆ ಮತ್ತೊಬ್ಬರು ಪ್ರವೇಶಿಸಿ ಪೂರ್ವಕಥೆ ಹೆಣೆಯುವ ಪದ್ಧತಿಯಿದೆ. ನಮ್ಮದು ಅದರ ಸರಳ ರೂಪ. ಜೊತೆಗೆ, ತನ್ನ ಪಾತ್ರ ಈ ಬಳಗವನ್ನು ಬಿಟ್ಟು ಹೋಗದಿರಲು ಕಾರಣ ಹುಡುಕುವ ಹೊಣೆ ಆಟಗಾರನದೇ, ಸೂತ್ರಧಾರರದಲ್ಲ. "ನನ್ನ ಪಾತ್ರದ ಸ್ವಭಾವವೇ ಹಾಗೆ" ಎಂಬ ನೆಪ ನಡೆಯುವುದಿಲ್ಲ. ಹಿರಿಯರ ಸಮಿತಿಗಳಲ್ಲಿಯೂ ಈ ನೆಪ ಕೇಳಿಬರುವುದುಂಟು, ಅದಿರಲಿ.

ಕಥೆ ಯಾವುದು? ಅದು ನಾವು ಕುಳಿತಿರುವ ನೆಲದಲ್ಲಿಯೇ ಇದೆ. ಪಂಗಾನಿ ಮೊದಲು ಆಫ್ರಿಕನ್ನರ ಹಳ್ಳಿಯಾಗಿತ್ತು. ನಾನಾ ಬುಡಕಟ್ಟುಗಳ ಜನ, ಸ್ವಾಹಿಲಿ ಮಾತನಾಡುವ ಮುಸ್ಲಿಮರು, ತಾವೇ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಹೆಂಗಸರು ಅಲ್ಲಿ ಬಾಳಿದ್ದರು. 1930ರ ದಶಕದ ಕೊನೆಯಲ್ಲಿ ವಸಾಹತು ಆಡಳಿತ ಆ ಹಳ್ಳಿಯನ್ನು ಕೆಡವಿಸಿತು. ಅಲ್ಲಿನವರಿಗಾಗಿ ಶೌರಿ ಮೋಯೊ ಎಂಬ ಬಡಾವಣೆ ಎದ್ದಿತು. ಕೆಲವೇ ವರ್ಷಗಳ ಹಿಂದೆ ಇದೇ ಪಂಗಾನಿಯಲ್ಲಿ ನಗರಾಡಳಿತದ ಹಳೆಯ ಮನೆಗಳು ಉರುಳಿ ಬಹುಮಹಡಿ ಕಟ್ಟಡಗಳು ಮೇಲೆದ್ದುದನ್ನು ನಮ್ಮ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಹಳ್ಳಿಗೆ ತೆರವಿನ ಆಜ್ಞೆ ಬಂದ ಬೆಳಗ್ಗೆ ನಮ್ಮ ಕಥೆ ತೊಡಗಲಿ. ಮನೆಯೊಡತಿ, ಅವಳ ಬಾಡಿಗೆದಾರನಾದ ದರ್ಜಿ, ಮದರಸಾದ ಗುರು, ರೈಲ್ವೆಯ ಕೂಲಿ, ಪಕ್ಕದ ಬೀದಿಯ ದುಕಾದಲ್ಲಿ ಲೆಕ್ಕ ಬರೆಯುವ ಭಾರತೀಯ ಹುಡುಗ: ಇವರಿಗೆ ನಿಧಿಯ ನಕ್ಷೆ ಬೇಕಾಗಿಲ್ಲ. ಸಾಲ, ಬಾಡಿಗೆ, ಸ್ನೇಹ, ಹಳೆಯ ಜಗಳ ಎಲ್ಲವೂ ಆ ಬೆಳಗಿಗೆ ಮುಂಚೆಯೇ ಅವರ ನಡುವೆ ಇವೆ. ಪರರ ನೋವನ್ನು ಆಟದ ಸಾಮಗ್ರಿ ಮಾಡಿಕೊಳ್ಳಬಹುದೆ ಎಂಬ ಅಳುಕು ನಮಗೂ ಇದೆ. ಅದಕ್ಕೆಂದೇ ಮಕ್ಕಳ ಶಾಲೆಯ ಕೀನ್ಯಾದ ಗೆಳೆಯರನ್ನೂ ಕರೆಯೋಣವೆಂದಿದ್ದೇವೆ. ಅವರು ಬಂದರೆ ಕನ್ನಡದ ನಿಯಮ ಸ್ವಲ್ಪ ಸಡಿಲವಾಗಿ ಸ್ವಾಹಿಲಿಗೂ ಜಾಗವಾಗುತ್ತದೆ. ದುಕಾದ ಹುಡುಗ ಮನೆಯೊಡತಿಯ ಮಾತನ್ನು ದರ್ಜಿಗೆ ಅನುವಾದಿಸಿ ಹೇಳಬೇಕಾದರೆ ಅವನಿಗೆ ಎರಡೂ ಭಾಷೆ ಚೆನ್ನಾಗಿ ಬರಬೇಕು; ಇದರಿಂದ ಕನ್ನಡಕ್ಕೆ ನಷ್ಟವಾದೀತೆಂದು ನಮಗೆ ತೋರುವುದಿಲ್ಲ.

ಆಗಸ್ಟ್ ರಜೆಯ ಮೊದಲ ಶನಿವಾರ ಸೇರುತ್ತೇವೆ. ಕಳೆದ ವರ್ಷ ಪ್ರಶ್ನೆ ಕೇಳಿದ ಹುಡುಗಿ ಮನೆಯೊಡತಿಯ ಪಾತ್ರವನ್ನು ಈಗಲೇ ಹಿಡಿದಿಟ್ಟುಕೊಂಡಿದ್ದಾಳೆ. ಅಂದು ಹಣದ ಚೀಲ ಎತ್ತಿಕೊಂಡು ಹೋದವನೇ ಈಗ ದರ್ಜಿ. ಅವನು ಎಷ್ಟು ತಿಂಗಳ ಬಾಡಿಗೆ ಬಾಕಿ ಉಳಿಸಿಕೊಂಡಿದ್ದಾನೆಂಬ ವಿಷಯದಲ್ಲಿ ಇಬ್ಬರಿಗೂ ಇನ್ನೂ ಒಮ್ಮತವಾಗಿಲ್ಲ.