ಪಯಸ್ವಿನಿ ದಡದಲ್ಲಿ ಮಕ್ಕಳ ನಡಿಗೆ: ಹೆತ್ತವರೂ ಹೆಜ್ಜೆ ಹಾಕಲಿ

ಮಳೆ ಬಿಟ್ಟು ಹೊಳೆ ತಿಳಿಯಾಗುವ ಹೊತ್ತಿಗೆ ಶಾಲೆಗಳಲ್ಲಿ ಸಹಾಯಾರ್ಥ ನಡಿಗೆಯ ಮಾತು ಶುರುವಾಗುತ್ತದೆ. ಮಕ್ಕಳು ಚೀಟಿ ಹಿಡಿದು ಮನೆಗೆ ಬರುತ್ತಾರೆ. ಕಿಲೋಮೀಟರಿಗೆ ಇಷ್ಟು ಎಂದು ನೆಂಟರಿಷ್ಟರು, ಅಂಗಡಿಯವರು ಬರೆದುಕೊಡಬೇಕು. ಆಗ ಹೆಚ್ಚಿನ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: 'ದುಡ್ಡು ಕೊಟ್ರೆ ಸಾಲದಾ? ಮಕ್ಕಳನ್ನು ಬಿಸಿಲಲ್ಲಿ ಯಾಕೆ ನಡೆಸ್ಬೇಕು?'

ಪ್ರಶ್ನೆ ತಪ್ಪಲ್ಲ. ಬರೀ ಹಣ ಒಟ್ಟು ಮಾಡುವುದೇ ಉದ್ದೇಶವಾದರೆ ನಡೆಯುವ ಅಗತ್ಯವೇ ಇಲ್ಲ. ಆದರೆ ಕಾಸರಗೋಡಿನ ಮಕ್ಕಳಿಗೆ ಪಯಸ್ವಿನಿಯ ದಡದಲ್ಲಿ ನಾಲ್ಕು ಮೈಲಿ ನಡೆಯುವುದರಿಂದ ಸಿಗುವುದು ಚೀಟಿಯಲ್ಲಿ ಬರೆದ ಮೊತ್ತಕ್ಕಿಂತ ದೊಡ್ಡದು.

ಈ ಹೊಳೆಯೇ ಗಡಿನಾಡಿನ ಒಂದು ಪಾಠಪುಸ್ತಕ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ ಆದೂರಿನ ಕಡೆಗೆ ಬರುವ ಪಯಸ್ವಿನಿ ಕೆಳಗೆ ಚಂದ್ರಗಿರಿಯಾಗಿ ಸಮುದ್ರ ಸೇರುತ್ತದೆ. ದಡದ ಚಂದ್ರಗಿರಿ ಕೋಟೆ ಬಿದನೂರಿನ ಶಿವಪ್ಪ ನಾಯಕನ ಕಾಲದ್ದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಈ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತು. ಆ ವರದಿಯ ಬಗ್ಗೆ ವೇದಿಕೆಗಳಲ್ಲಿ ಭಾಷಣ ಕೇಳಿ ಬೆಳೆದ ಎಷ್ಟೋ ಮಕ್ಕಳು ಹೊಳೆಯನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ!

ಹೊಳೆಯಲ್ಲಿ ಇತಿಹಾಸವಷ್ಟೇ ಇಲ್ಲ. ಬೇಸಗೆಯಲ್ಲಿ ಉಪ್ಪು ನೀರು ಮೇಲೇರಿ ಬಂದು ಕಾಸರಗೋಡು ಪೇಟೆಯ ನಳ್ಳಿಯಲ್ಲಿ ಉಪ್ಪುನೀರೇ ಬರುತ್ತಿದ್ದ ಕಾಲವನ್ನು ಹಿರಿಯರು ಮರೆತಿಲ್ಲ. ಪ್ರತಿವರ್ಷ ಮರಳಿನ ಚೀಲ ಪೇರಿಸಿ ತಡೆ ಕಟ್ಟುವುದು, ಅದು ಒಡೆಯುವುದು ನಡೆದೇ ಇತ್ತು. ಬಾವಿಕ್ಕೆರೆಯ ಶಾಶ್ವತ ತಡೆಗೋಡೆ ಉದ್ಘಾಟನೆಯಾದದ್ದು 2021ರಲ್ಲಿ. ಇದೇ ಹೊಳೆಯಲ್ಲಿ ಮಲೆಯಾಳದಲ್ಲಿ 'ಭೀಮನಾಮೆ' ಎನ್ನುವ, ವಿನಾಶದ ಅಂಚಿನಲ್ಲಿರುವ ದೈತ್ಯ ಆಮೆ ಮೊಟ್ಟೆಯಿಡುತ್ತದೆ ಎಂಬುದನ್ನು 2024ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ಸಂಶೋಧಕರಿಗೆ ದಾರಿ ತೋರಿಸಿದ್ದು ಹೊಳೆಕರೆಯ ಜನರ ತಿಳಿವಳಿಕೆ. ಆ ತಿಳಿವಳಿಕೆ ಮುಂದಿನ ತಲೆಮಾರಿಗೆ ದಾಟಬೇಕಾದರೆ ಮಕ್ಕಳು ಹೊಳೆಕರೆಗೆ ಇಳಿಯಲೇಬೇಕು.

ಇನ್ನು ಹಣ ಯಾರಿಗೆ? ಈ ಜಿಲ್ಲೆಯಲ್ಲಿ ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಪಂಚಾಯತುಗಳಲ್ಲಿ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿರುವ ಮನೆಗಳಿವೆ. ನಡೆಯಬಲ್ಲ ಮಕ್ಕಳು ನಡೆಯಲಾರದ ಮಕ್ಕಳಿಗಾಗಿ ನಾಲ್ಕು ಹೆಜ್ಜೆ ಹಾಕಿದರೆ ಅದಕ್ಕಿಂತ ಒಳ್ಳೆಯ ನೀತಿಪಾಠ ಯಾವುದು?

ಆದರೆ ಒಂದು ಎಚ್ಚರಿಕೆ ಬೇಕು. ದಾನ ಹಕ್ಕಿನ ಜಾಗದಲ್ಲಿ ಬಂದು ಕೂರಬಾರದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲೇ ಆದೇಶಿಸಿತ್ತು. 2022ರಲ್ಲಿ ಅದೇ ನ್ಯಾಯಾಲಯ ವಿಳಂಬಕ್ಕಾಗಿ ರಾಜ್ಯ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಮಕ್ಕಳು ಎತ್ತಿದ ಹಣ ಒಂದು ಗಾಲಿಕುರ್ಚಿಗೆ, ಬಡ್ಸ್ ಶಾಲೆಯ ಒಂದು ಸಲಕರಣೆಗೆ, ಆಸ್ಪತ್ರೆಗೆ ಹೋಗಿಬರುವ ಗಾಡಿ ಬಾಡಿಗೆಗೆ ಆದೀತು. ಪರಿಹಾರ, ಪಿಂಚಣಿ, ಚಿಕಿತ್ಸೆ ಸರಕಾರದ ಹೊಣೆಯೇ. ಇದನ್ನು ನಡಿಗೆಯ ದಿನವೇ ಮಕ್ಕಳಿಗೆ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ 'ನಾವು ಕೊಟ್ಟಾಯ್ತಲ್ಲ' ಎಂಬ ಸಮಾಧಾನವಷ್ಟೇ ಉಳಿದೀತು.

ಶಾಲೆಗಳೂ ಕೆಲವು ವಿಷಯ ಗಮನಿಸಬೇಕು. ಯಾವ ಮಗು ಎಷ್ಟು ತಂದಿತು ಎಂದು ಮೈಕಿನಲ್ಲಿ ಓದುವ ಕ್ರಮ ನಿಲ್ಲಲಿ. ಬೀಡಿ ಕಟ್ಟುವವರ, ಕೂಲಿಯವರ ಮಕ್ಕಳು ಚೀಟಿ ಖಾಲಿ ತಂದರೂ ತಲೆಯೆತ್ತಿ ನಡೆಯುವಂತಿರಬೇಕು. ಸಂತ್ರಸ್ತ ಮಕ್ಕಳನ್ನು ವೇದಿಕೆಗೆ ಎತ್ತಿ ತಂದು ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂಬ ಲೆಕ್ಕ ವಾರದೊಳಗೆ ಶಾಲೆಯ ಗೋಡೆಗೆ ಬರಲಿ.

ಸುರಕ್ಷತೆಯ ಮಾತೂ ಇದೆ. ಮರಳು ತೆಗೆದ ಕಡೆ ಹೊಳೆಯ ಆಳ ಮೇಲಿಂದ ಗೊತ್ತಾಗುವುದಿಲ್ಲ. ಆದ್ದರಿಂದ ನೀರಿಗೆ ಇಳಿಯುವುದು ಬೇಡ. ಮುಳಿಯಾರು, ಕಾರಡ್ಕ, ದೇಲಂಪಾಡಿ ಕಡೆ ತೋಟಕ್ಕೆ ಆನೆ ಇಳಿಯುವುದು ಹೊಸ ಸುದ್ದಿಯಲ್ಲ. ಅರಣ್ಯ ಇಲಾಖೆಗೆ ಮೊದಲೇ ತಿಳಿಸಿ, ಬೆಳಕು ಹರಿದ ಮೇಲೆ ಹೊರಟು ಬಿಸಿಲೇರುವ ಮೊದಲು ಮುಗಿಸಿದರೆ ಒಳ್ಳೆಯದು. ಸ್ಟೀಲ್ ಲೋಟ, ಬಾಳೆಲೆ ಇರುವ ಊರಿನಲ್ಲಿ ಪ್ಲಾಸ್ಟಿಕ್ ಬಾಟಲಿ ಬಿಸಾಡಿ ಬರುವುದು ಹೊಳೆಗೆ ಮಾಡುವ ಅವಮಾನ.

ಇದಕ್ಕೆಲ್ಲ ನಾಲ್ಕು ಮಂದಿ ಅಧ್ಯಾಪಕರು ಸಾಲರು. ಅದಕ್ಕೇ ಹೆತ್ತವರು ಬರಬೇಕೆನ್ನುವುದು. ಅಪ್ಪ ಅಮ್ಮ ಬಂದರೆ ಕಾವಲೂ ಆಯ್ತು, ಕತೆಯೂ ಆಯ್ತು. ಯಾವ ಕಡವಿನಲ್ಲಿ ದೋಣಿ ಇತ್ತು, ಯಾವ ಗದ್ದೆಗೆ ಏನು ಹೆಸರು, ಯಾವ ವರ್ಷ ನೆರೆ ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಹೇಳಬಲ್ಲವರು ಮನೆಯ ಹಿರಿಯರೇ. ಕಡವು, ಗುಂಡಿ, ಬೈಲು ಎಂಬ ಹೆಸರುಗಳು ಉಳಿಯುವುದು ಬೋರ್ಡಿನ ಮೇಲಲ್ಲ, ಕರೆಯುವವರ ಬಾಯಲ್ಲಿ. ಮಲೆಯಾಳ ವಿಭಾಗದ ಮಕ್ಕಳೂ ಜತೆಗೆ ಬರಲಿ. ಅವರ ಭೀಮನಾಮೆ, ಇವರ ಹೊಳೆಕರೆ ಎರಡೂ ಒಂದೇ ನೀರಿನವು.

ಈ ಸಲ ಮಗು ಚೀಟಿ ತಂದಾಗ ಹತ್ತು ರೂಪಾಯಿ ಬರೆದರೂ ಸಾಕು. ಚಪ್ಪಲಿ ಮೆಟ್ಟಿಕೊಂಡು ಜತೆಗೆ ಹೊರಡಿ.